ಉಣ್ಣುತ್ತಿರುವವರನ್ನು ಎಬ್ಬಿಸಬೇಡ

ಮಗಳೇ, ಮೇ ತಿಂಗಳ ನಡುವೆ ಗೆಳತಿಯರ ಜೊತೆ ಕೇಪ್ ಮೇಗೆ ಹಕ್ಕಿ ನೋಡಲು ಹೊರಟಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಒಂದೇ ದಿನದಲ್ಲಿ ಕಾಡಿನ ಉಲಿಯಕ್ಕಿಗಳನ್ನೂ ಕಡಲಂಚಿನ ಗೊರವಗಳನ್ನೂ ನೋಡಿ ಬರಬೇಕೆಂದು ನಿನ್ನ ಆಸೆ. ಒಳ್ಳೆಯ ಆಸೆ, ಕೈಗೂಡುವಂಥದ್ದೇ. ನ್ಯೂಜೆರ್ಸಿಯಲ್ಲಿ ಇದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ದೊಡ್ಡ ಕ್ಯಾಮೆರಾ, ಉದ್ದನೆಯ ಲೆನ್ಸು ಕೊಂಡಿದ್ದೀಯ ಎಂಬುದೂ ತಿಳಿಯಿತು. ಅದಕ್ಕಾಗಿಯೇ ನಿನ್ನ ದೊಡ್ಡಮ್ಮನ ಈ ನಾಲ್ಕು ಮಾತು. ಹೊರಡುವ ಮೊದಲು ಒಮ್ಮೆ ಓದಿಕೋ, ಗೆಳತಿಯರಿಗೂ ಓದಿ ಹೇಳು.

ನಮ್ಮ ಮನೆಗಳಲ್ಲಿ ಒಂದು ರೂಢಿಯುಂಟು. ಎಲೆಯ ಮುಂದೆ ಕೂತು ಉಣ್ಣುತ್ತಿರುವವರನ್ನು ಯಾರೂ ಎಬ್ಬಿಸುವುದಿಲ್ಲ. ಎಷ್ಟೇ ಅವಸರದ ಕೆಲಸವಿರಲಿ, ಬಂದವರು ಜಗಲಿಯಲ್ಲಿ ಕಾಯುತ್ತಾರೆ. ಮೇ ತಿಂಗಳಲ್ಲಿ ನೀನು ನೋಡಲಿರುವ ಹಕ್ಕಿಗಳಲ್ಲಿ ಬಹುಪಾಲು ಅಲ್ಲಿಯವಲ್ಲ. ಸಾವಿರಾರು ಮೈಲಿಯ ಪ್ರಯಾಣದ ನಡುವೆ ಉಣ್ಣಲು ಇಳಿದವು. ಉಂಡು ಮತ್ತೆ ಹೊರಡಬೇಕಾದವು. ಅವನ್ನು ಎಲೆಯ ಮುಂದಿನಿಂದ ಎಬ್ಬಿಸದೆ ನೋಡುವುದು ಹೇಗೆ ಎಂಬುದಷ್ಟೇ ನಾನು ಹೇಳಬೇಕಾದದ್ದು.

ಮೊದಲು ದಿನ ಗೊತ್ತುಮಾಡುವ ವಿಷಯ. ಉಲಿಯಕ್ಕಿಗಳು, ಅಂದರೆ ಇಲ್ಲಿಯವರು ವಾರ್ಬ್ಲರ್ ಅನ್ನುವ ಗುಬ್ಬಿಗಿಂತ ಚಿಕ್ಕ ಹಕ್ಕಿಗಳು, ಏಪ್ರಿಲ್ ಕೊನೆಯಿಂದ ಬರತೊಡಗಿ ಮೇ ಎರಡನೇ ವಾರದ ಹೊತ್ತಿಗೆ ತುಂಬಿಕೊಳ್ಳುತ್ತವೆ. ಆಮೇಲೆ ಕಡಿಮೆಯಾಗುತ್ತವೆ, ಮರಗಳ ಎಲೆಯೂ ದಟ್ಟವಾಗಿ ಇದ್ದವೂ ಕಾಣುವುದಿಲ್ಲ. ಕೆಸರು, ಮರಳಿನಲ್ಲಿ ಕೊಕ್ಕಾಡಿಸಿ ತಿನ್ನುವ ಗೊರವಗಳು ಕೇಪ್ ಮೇ ಪಕ್ಕದ ಡೆಲವೇರ್ ಕೊಲ್ಲಿಗೆ ಹೆಚ್ಚಾಗಿ ಇಳಿಯುವುದು ಮೇ ಎರಡನೇ ವಾರದ ನಂತರ, ತಿಂಗಳ ಕೊನೆಗೆ ಹಾರಿಹೋಗುತ್ತವೆ. ಎರಡೂ ಬೇಕೆಂದರೆ ತಿಂಗಳ ನಡುವಿನ ಒಂದು ವಾರವೇ ಸರಿ. ಆ ವಾರದಲ್ಲೂ ಶನಿವಾರವೋ ಭಾನುವಾರವೋ ಎಂದು ನೋಡುವ ಮೊದಲು ಕಡಲಿನ ಉಬ್ಬರ ಇಳಿತದ ಪಟ್ಟಿ ನೋಡು. ಮಧ್ಯಾಹ್ನದ ಆಸುಪಾಸಿನಲ್ಲಿ ಉಬ್ಬರ ತುಂಬುವ ದಿನವಾದರೆ ನಿನ್ನ ಕೆಲಸ ಸಲೀಸು. ಯಾಕೆಂದು ಮುಂದೆ ಹೇಳುತ್ತೇನೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಜರುಗುತ್ತದೆ, ಹಾಗಾಗಿ ಹೋದ ವಾರ ಯಾರೋ ಹೋಗಿ ಬಂದ ಲೆಕ್ಕ ನಿನಗೆ ಹೊಂದುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಗಾಳಿ ಯಾವ ದಿಕ್ಕಿನದು ನೋಡಿಕೋ. ಉಲಿಯಕ್ಕಿಗಳು ರಾತ್ರಿ ಪ್ರಯಾಣ ಮಾಡುತ್ತವೆ. ರಾತ್ರಿಯ ಗಾಳಿ ತಂಪು, ಅಲುಗಾಟ ಕಡಿಮೆ, ಹಿಡಿದು ತಿನ್ನುವ ಡೇಗೆಗಳ ಕಾಟವಿಲ್ಲ. ಹಗಲು ಹೊಟ್ಟೆಪಾಡಿಗೆ ಉಳಿಯುತ್ತದೆ. ಹೊತ್ತು ಮುಳುಗಿ ಕತ್ತಲಾಗುತ್ತಿದ್ದಂತೆ ಮೇಲೇಳುತ್ತವೆ. ದಕ್ಷಿಣದಿಂದಲೋ ನೈಋತ್ಯದಿಂದಲೋ ಬೆಚ್ಚನೆಯ ಗಾಳಿ ಬೀಸಿದ ರಾತ್ರಿ ಲಕ್ಷಗಟ್ಟಲೆ ಹಕ್ಕಿಗಳು ನಮ್ಮ ತಲೆಯ ಮೇಲೆ ಹೋಗುತ್ತಿರುತ್ತವೆ, ನಾವು ಮಲಗಿರುತ್ತೇವೆ. ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಪ್ರಯೋಗಾಲಯದವರು ‘ಬರ್ಡ್‌ಕ್ಯಾಸ್ಟ್’ ಎಂಬುದನ್ನು ನಡೆಸುತ್ತಾರೆ. ಮಳೆ ಮೋಡ ನೋಡಲು ದೇಶದ ತುಂಬ ನೆಟ್ಟ ರಾಡಾರುಗಳಲ್ಲೇ ಹಾರುವ ಹಕ್ಕಿಗಳ ಗುರುತೂ ಬೀಳುತ್ತದೆ. ಆ ರಾತ್ರಿ ಎಷ್ಟು ಹಕ್ಕಿಗಳು ಯಾವ ಕಡೆ ಹೊರಟಿವೆ ಎಂದು ಅದರಲ್ಲಿ ನೋಡಬಹುದು. ಬೆಳಗಿನ ಜಾವ ಮಳೆ ಬಂತೋ, ಗಾಳಿ ತಿರುಗಿತೋ, ಹಕ್ಕಿಗಳು ಸಿಕ್ಕ ಮರಕ್ಕೆ ಇಳಿದುಬಿಡುತ್ತವೆ. ಅಂಥ ಬೆಳಗು ನಮಗೆ ಸಮೃದ್ಧಿ. ಆದರೆ ದಣಿದು, ನೆನೆದು, ಹಸಿದು ಇಳಿದವು ಅವು ಎಂಬುದು ನೆನಪಿರಲಿ.

ನೀನಿರುವ ಎಡಿಸನ್ನಿನಿಂದ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದರೆ ಕೇಪ್ ಮೇ ಸುಮಾರು 200 ಕಿಲೋಮೀಟರ್. ಆ ದಿನಗಳಲ್ಲಿ ಬೆಳಗ್ಗೆ ಐದೂಮುಕ್ಕಾಲರ ಒಳಗೆ ಸೂರ್ಯ ಮೂಡುತ್ತಾನೆ, ಮೊದಲ ಮೂರು ಗಂಟೆಯೇ ಉಲಿಯಕ್ಕಿಗಳ ಹೊತ್ತು. ಎಂಟಕ್ಕೆ ಎದ್ದು ಹೊರಟರೆ ದಾರಿ ಮಾತ್ರ ಸಿಗುತ್ತದೆ. ಬಾಕ್ಸಿನಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಮೂರಕ್ಕೆ ಮನೆ ಬಿಡಿ. ಕೇಪ್ ಮೇ ತುದಿಗೆ ಹೋಗಬೇಡಿ, ಅದಕ್ಕಿಂತ ಮೊದಲೇ ಬಲಕ್ಕೆ ತಿರುಗಿ ಬೆಲ್‌ಪ್ಲೇನ್ ಕಾಡಿಗೆ ಹೋಗಿ. ಓಕ್, ಪೈನ್ ಬೆರೆತ ಕಾಡು, ನಡುನಡುವೆ ಜೌಗು. ದಾರಿಹೋಕ ಉಲಿಯಕ್ಕಿಗಳ ಜೊತೆ ಅಲ್ಲೇ ಗೂಡು ಕಟ್ಟುವವೂ ಅಲ್ಲಿ ಸಿಗುತ್ತವೆ. ಕಪ್ಪು ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಅರಿಸಿನ ಬಣ್ಣದ ಪ್ರೊಥೊನೋಟರಿ ಉಲಿಯಕ್ಕಿ ಕೂತಿರುವುದನ್ನು ನೋಡಿದರೆ ಮೂರಕ್ಕೆ ಹೊರಟದ್ದು ಮರೆತುಹೋಗುತ್ತದೆ. ಚಳಿಗಾಲವನ್ನು ಅದು ಮಧ್ಯ ಅಮೆರಿಕದ, ಕೊಲಂಬಿಯಾದ ಕಾಂಡ್ಲಾ ಕಾಡುಗಳಲ್ಲಿ ಕಳೆದು ಬಂದಿರುತ್ತದೆ.

ನೀನು ಬೆಂಗಳೂರಿನಲ್ಲಿ ಬೆಳೆದವಳು. ಮನೆ ಮುಂದಿನ ಹೊಂಗೆ ಮರದಲ್ಲಿ ಚಳಿಗಾಲವೆಲ್ಲ ಚಿಸ್‌ವೀ ಚಿಸ್‌ವೀ ಎನ್ನುತ್ತಿದ್ದ ಹಸಿರು ಉಲಿಯಕ್ಕಿ ನೆನಪಿರಬಹುದು. ಅದೂ ಏಪ್ರಿಲ್ ಮುಗಿಯುವ ಹೊತ್ತಿಗೆ ಹಿಮಾಲಯದ ಕಡೆಗೆ, ಅದರಾಚೆಗೆ ಹೊರಟುಬಿಡುತ್ತದೆ. ಇಲ್ಲಿನ ಉಲಿಯಕ್ಕಿಗಳ ಕುಟುಂಬವೇ ಬೇರೆ, ಅದಕ್ಕೂ ಇವಕ್ಕೂ ನೆಂಟಸ್ತಿಕೆಯಿಲ್ಲ. ಅಲ್ಲಿಯವು ಒಂದಕ್ಕಿಂತ ಒಂದು ಮಂಕು ಹಸಿರು. ಇಲ್ಲಿಯವು ವಸಂತದಲ್ಲಿ ಮೈತುಂಬ ಬಣ್ಣ. ಬ್ಲಾಕ್‌ಬರ್ನಿಯನ್ನಿನ ಕುತ್ತಿಗೆ ಕೆಂಡದ ಕಿತ್ತಳೆ, ಮ್ಯಾಗ್ನೋಲಿಯಾದ ಹಳದಿ ಎದೆಯ ಮೇಲೆ ಕಪ್ಪು ಗೆರೆ, ರೆಡ್‌ಸ್ಟಾರ್ಟಿನ ಬಾಲದಲ್ಲಿ ಕಿತ್ತಳೆ ಪಟ್ಟೆ. ಬಣ್ಣವಿದೆಯೆಂದು ಸುಲಭಕ್ಕೆ ಕಾಣುತ್ತವೆ ಎಂದುಕೊಳ್ಳಬೇಡ. ಮರದ ನೆತ್ತಿಯಲ್ಲಿರುತ್ತವೆ, ಒಂದು ಕ್ಷಣ ಕೂರುವುದಿಲ್ಲ.

ಓಕ್ ಮರ ಹೂಬಿಟ್ಟಿರುವ ಕಡೆ ನಿಲ್ಲು. ಮೇ ತಿಂಗಳಲ್ಲಿ ಓಕಿನ ಹೂ ಸಣ್ಣ ಸಣ್ಣ ಜಡೆಗಳಾಗಿ ನೇತಾಡುತ್ತಿರುತ್ತದೆ, ಆ ಜಡೆಗಳ ಒಳಗೆ ಬೆರಳುಗುರಿನಷ್ಟುದ್ದದ ಹಸಿರು ಹುಳುಗಳಿರುತ್ತವೆ. ಉಲಿಯಕ್ಕಿ ಬರುವುದು ಅವಕ್ಕೆ. ಬೆಳಗಿನ ಬಿಸಿಲು ಮೊದಲು ತಾಗುವ ಮಗ್ಗುಲಿನಲ್ಲಿ ಹುಳು ಮೊದಲು ಅಲುಗಾಡುತ್ತದೆ, ಹಕ್ಕಿಯೂ ಮೊದಲು ಅಲ್ಲಿಗೇ ಬರುತ್ತದೆ. ಒಂದು ಹಕ್ಕಿಯನ್ನೇ ಕಣ್ಣಿನಲ್ಲಿ ಹಿಡಿದು ನೋಡು. ಜಡೆಯನ್ನು ಕೊಕ್ಕಿನಿಂದ ಸರಿಸುತ್ತದೆ, ತಲೆ ಓರೆಮಾಡಿ ಒಳಗೆ ಇಣುಕುತ್ತದೆ, ಹುಳುವನ್ನು ಎಳೆದು ಕೊಂಬೆಗೆ ಎರಡು ಸಲ ಬಡಿದು ನುಂಗುತ್ತದೆ, ಅಷ್ಟರಲ್ಲಿ ಮುಂದಿನ ಜಡೆಗೆ ಕೈಹಾಕಿರುತ್ತದೆ. ಒಂದು ಗ್ರಾಂ ಕೊಬ್ಬು ಕೂಡಿಸುವುದೆಂದರೆ ಅದಕ್ಕೆ ಇಡೀ ಹಗಲಿನ ದುಡಿಮೆ. ಎಲ್ಲಕ್ಕಿಂತ ಕೊನೆಗೆ ಬರುವ ಬ್ಲಾಕ್‌ಪೋಲ್ ಎಂಬುದರ ತೂಕ ಸುಮಾರು 12 ಗ್ರಾಂ. ಶರತ್ಕಾಲದಲ್ಲಿ ಮರಳುವಾಗ ಅದು ಅಟ್ಲಾಂಟಿಕ್ ಸಾಗರದ ಮೇಲೆ ಎಲ್ಲೂ ಇಳಿಯದೆ ಎರಡು ಮೂರು ದಿನ ಹಾರಿ, ಸುಮಾರು 2,500 ಕಿಲೋಮೀಟರ್ ದಾಟಿ ಕೆರೀಬಿಯನ್ ದ್ವೀಪಗಳನ್ನು ಸೇರುತ್ತದೆ ಎಂಬುದು 2015ರಲ್ಲಿ ಖಚಿತವಾಯಿತು. ಹಕ್ಕಿಯ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಕಂಡುಕೊಂಡರು.

ಈಗ ಫೋನಿನ ಮಾತು. ‘ಮರ್ಲಿನ್’ ಆಪ್ ಇಟ್ಟುಕೊಂಡಿರುತ್ತೀಯ, ದನಿ ಕೇಳಿ ಹೆಸರು ಹೇಳುತ್ತದೆ, ಬಹಳ ಉಪಕಾರಿ. ಹೆಸರು ಬಂದಮೇಲೆ ಫೋನು ಕೆಳಗಿಟ್ಟು ಆ ದನಿ ಯಾವ ಕೊಂಬೆಯಿಂದ ಬಂತು ಎಂದು ಹುಡುಕು. ಎರಡು ಮೂರು ಹಕ್ಕಿಯನ್ನು ಹಾಗೆ ಕಣ್ಣಾರೆ ಕಂಡರೆ ಮುಂದಿನ ವರ್ಷ ಫೋನಿಲ್ಲದೆಯೇ ತಿಳಿಯುತ್ತದೆ. ಆದರೆ ಅದೇ ಫೋನಿನಲ್ಲಿ ಹಕ್ಕಿಯ ಹಾಡನ್ನು ಜೋರಾಗಿ ಹಾಕಿ ಹಕ್ಕಿಯನ್ನು ಕರೆಯುವವರಿದ್ದಾರೆ. ಅದು ಮಾಡಬೇಡ, ಜೊತೆಯವರು ಮಾಡಿದರೂ ಬೇಡವೆನ್ನು. ಗೂಡು ಕಟ್ಟುವ ಗಂಡು ಹಕ್ಕಿಗೆ ಆ ದನಿ ಕೇಳಿದರೆ ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಎಂದೇ ಅರ್ಥ. ತಿನ್ನುವುದು ಬಿಟ್ಟು, ಹೆಣ್ಣನ್ನು ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತ ಕೂಗುತ್ತ ತಿರುಗುತ್ತದೆ. ನೀನು ಚಿತ್ರ ತೆಗೆದು ಹೋಗಿರುತ್ತೀಯ, ಹಿಂದೆ ಬಂದವರು ಇನ್ನೊಮ್ಮೆ ಹಾಕುತ್ತಾರೆ. ಹೆಸರಾದ ಜಾಗಗಳಲ್ಲಿ ಒಂದೊಂದು ಹಕ್ಕಿಗೆ ದಿನಪೂರ್ತಿ ಇದೇ ಆಗುತ್ತದೆ.

ಉಣುಗಿನ ವಿಷಯ ಮರೆಯಬೇಡ. ನಮ್ಮ ಶಿವಮೊಗ್ಗ ಕಡೆಯವರಿಗೆ ಉಣುಗು ಅಂದರೆ ಮಂಗನ ಕಾಯಿಲೆ. ಇಲ್ಲಿ ಉಣುಗು ಅಂದರೆ ಲೈಮ್ ಕಾಯಿಲೆ. ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ, ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಮನೆಗೆ ಬಂದಮೇಲೆ ಮೈಯೆಲ್ಲ ನೋಡಿಕೊಳ್ಳಿ.

ಹತ್ತು ಗಂಟೆಯ ಮೇಲೆ ಕಾಡು ಸದ್ದಡಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಅರ್ಧ ಗಂಟೆಯ ದಾರಿ ಹೈಸ್ಲರ್‌ವಿಲ್. ಮಧ್ಯಾಹ್ನ ಉಬ್ಬರವಿರುವ ದಿನ ನೋಡು ಎಂದದ್ದು ಇದಕ್ಕೇ. ನೀರು ಏರಿ ಕೊಲ್ಲಿಯ ಕೆಸರೆಲ್ಲ ಮುಳುಗಿದಾಗ ಗೊರವಗಳಿಗೆ ಕಾಲೂರಲು ಜಾಗವಿರುವುದಿಲ್ಲ. ಹೈಸ್ಲರ್‌ವಿಲ್ಲಿನಲ್ಲಿ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಕೊಳಗಳಿವೆ. ಹಕ್ಕಿಗಳು ಅಲ್ಲಿಗೆ ಬಂದು ಸಾವಿರಗಟ್ಟಲೆ ಒತ್ತೊತ್ತಾಗಿ ನಿಲ್ಲುತ್ತವೆ. ಒಡ್ಡಿನ ಮೇಲಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಒಳಗಿನಿಂದಲೇ ನೋಡಬಹುದು. ಕಾರಿಗೆ ಹೆದರದ ಹಕ್ಕಿ ಮನುಷ್ಯ ಇಳಿದು ನಿಂತೊಡನೆ ಹೆದರುತ್ತದೆ, ಆದ್ದರಿಂದ ಬಾಗಿಲು ತೆಗೆಯದಿರುವುದೇ ಒಳ್ಳೆಯದು.

ಮೊದಲ ಸಲ ನೋಡುವವರಿಗೆ ಎಲ್ಲ ಗೊರವಗಳೂ ಒಂದೇ. ಹೆಸರಿಗೆ ತಡಕಾಡಬೇಡ, ಮೊದಲು ಅಳತೆ ನೋಡು, ಕೊಕ್ಕು ನೋಡು, ತಿನ್ನುವ ಬಗೆ ನೋಡು. ತೀರ ಚಿಕ್ಕವು, ಅತಿ ಹೆಚ್ಚಿರುವವು ಸೆಮಿಪಾಲ್ಮೇಟೆಡ್ ಸ್ಯಾಂಡ್‌ಪೈಪರ್. ಹೊಟ್ಟೆಯ ಮೇಲೆ ಕಪ್ಪು ಮಚ್ಚೆ, ಕೊಕ್ಕಿನ ತುದಿ ತುಸು ಬಾಗಿರುವುದು ಡನ್ಲಿನ್. ಹೊಟ್ಟೆಯವರೆಗೆ ನೀರಿಗಿಳಿದು ನೆಟ್ಟಗಿನ ಉದ್ದ ಕೊಕ್ಕನ್ನು ಕೆಸರಿಗೆ ಮೇಲಿಂದ ಮೇಲೆ ಚುಚ್ಚುವುದು ಡೌವಿಚರ್. ಈ ಮೂರನ್ನು ಗುರುತು ಮಾಡಿಕೊಂಡರೆ ಉಳಿದದ್ದು ತಾನಾಗಿ ಬೇರೆ ಕಾಣುತ್ತದೆ. ಡನ್ಲಿನ್‌ಗಳ ನಡುವೆ ಇಟ್ಟಿಗೆ ಕೆಂಪಿನದೊಂದು, ಕೊಕ್ಕು ಚೆನ್ನಾಗಿ ಬಾಗಿದ್ದು ಕಂಡರೆ ಉಸಿರು ಬಿಗಿಹಿಡಿದು ನೋಡು. ಅದು ಕರ್ಲ್ಯೂ ಸ್ಯಾಂಡ್‌ಪೈಪರ್ ಇರಬಹುದು. ಸೈಬೀರಿಯಾದ ಹಕ್ಕಿ. ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕರಾವಳಿಗೂ ಬರುತ್ತದೆ, ಅಲ್ಲಿ ಬೂದುಬಣ್ಣದಲ್ಲಿರುತ್ತದೆ. ದಾರಿ ತಪ್ಪಿ ಅಟ್ಲಾಂಟಿಕ್ಕಿನ ಈಚೆಗೆ ಬಂದ ಒಂದೋ ಎರಡೋ ಮೇ ತಿಂಗಳಲ್ಲಿ ಹೈಸ್ಲರ್‌ವಿಲ್ಲಿನಲ್ಲಿ ಕಾಣಿಸಿಕೊಳ್ಳುವುದುಂಟು, ನೋಡಲು ಜನ ದೂರದೂರದಿಂದ ಬರುತ್ತಾರೆ.

ನೀರು ಇಳಿಯತೊಡಗಿದಾಗ ಕೊಲ್ಲಿಯ ದಡದ ರೀಡ್ಸ್ ಬೀಚಿಗೆ ಹೊರಡಿ. ದಿನದ ಮುಖ್ಯ ಭಾಗ ಅಲ್ಲಿದೆ.

ಡೆಲವೇರ್ ಕೊಲ್ಲಿಯ ಈ ದಡಗಳಿಗೆ ವಸಂತದಲ್ಲಿ ಲಾಳದೇಡಿಗಳು ಬರುತ್ತವೆ. ಹಾರ್ಸ್‌ಶೂ ಕ್ರ್ಯಾಬ್ ಎಂದು ಇಲ್ಲಿಯವರು ಕರೆಯುವ ಪ್ರಾಣಿ. ಹೆಸರಿಗೆ ಏಡಿ, ಸಂಬಂಧದಲ್ಲಿ ಜೇಡ, ಚೇಳುಗಳಿಗೆ ಹತ್ತಿರ. ಅವುಗಳ ಪೂರ್ವಜ ಜೀವಿಗಳು 40 ಕೋಟಿ ವರ್ಷಗಳಿಗೂ ಹಿಂದೆ ಕಡಲಿನಲ್ಲಿದ್ದವು. ನಮ್ಮ ದೇಶದಲ್ಲೂ ಒಡಿಶಾದ ಬಾಲಸೋರ್ ಕಡೆಯ ಕಡಲತೀರದಲ್ಲಿ ಇವುಗಳ ಬಂಧುಗಳಿವೆ. ನೀರು ಬೆಚ್ಚಗಾದ ಮೇಲೆ, ಮೇ ಜೂನ್ ತಿಂಗಳ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ದಡಕ್ಕೆ ತೆವಳಿ ಬಂದು ಹೆಣ್ಣು ಮರಳಿನಲ್ಲಿ ಗೇಣಾಳದ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಒಂದು ಗುಂಡಿಯಲ್ಲಿ ಸುಮಾರು 4,000. ಹಂಗಾಮಿನಲ್ಲಿ ಒಂದೊಂದು ಹೆಣ್ಣು 80,000ದಷ್ಟು. ನವಣೆ ಕಾಳಿನಷ್ಟು ಗಾತ್ರ, ಹಸಿರು ಛಾಯೆ, ಮುಟ್ಟಿದರೆ ಮೆತ್ತಗೆ.

ಇಲ್ಲೊಂದು ವಿಷಯ ಗಮನಿಸಬೇಕು. ಗೊರವದ ಕೊಕ್ಕು ಅಷ್ಟು ಆಳಕ್ಕೆ ಹೋಗುವುದಿಲ್ಲ. ಒಂದು ಏಡಿ ಇಟ್ಟ ಜಾಗದಲ್ಲಿ ಇನ್ನೊಂದು ಬಂದು ತೋಡಿದಾಗ ಹಳೆಯ ಮೊಟ್ಟೆ ಮೇಲಕ್ಕೆ ಬರುತ್ತದೆ, ಅಲೆ ಅದನ್ನು ದಡದಗಲ ಹರಡುತ್ತದೆ. ಹಕ್ಕಿಗೆ ಸಿಗುವುದು ಅದು. ಅಂದರೆ ಏಡಿಗಳು ಇದ್ದರೆ ಸಾಲದು, ಒಂದರ ಗುಂಡಿಯನ್ನು ಇನ್ನೊಂದು ಕೆದಕುವಷ್ಟು ದಟ್ಟವಾಗಿ ಇರಬೇಕು. ಟರ್ನ್‌ಸ್ಟೋನ್ ಎಂಬ ಗಿಡ್ಡ ಕಾಲಿನ ಹಕ್ಕಿ ಮಾತ್ರ ತಾನೇ ಮರಳು ಅಗೆದು ಮೊಟ್ಟೆ ತೆಗೆಯಬಲ್ಲದು, ಅದು ತೋಡಿ ಬಿಟ್ಟ ಗುಂಡಿಯಲ್ಲಿ ಉಳಿದ ಹಕ್ಕಿಗಳೂ ತಿನ್ನುತ್ತವೆ.

ಉಣ್ಣಲು ಬರುವವುಗಳಲ್ಲಿ ನೀನು ಮರೆಯದೆ ನೋಡಬೇಕಾದದ್ದು ರೆಡ್ ನಾಟ್. ನಮ್ಮ ಪಾರಿವಾಳಕ್ಕಿಂತ ಚಿಕ್ಕದು, ವಸಂತದಲ್ಲಿ ಮುಖ, ಎದೆ ಎಲ್ಲ ಸುಟ್ಟ ಇಟ್ಟಿಗೆಯ ಬಣ್ಣ. ಇವುಗಳಲ್ಲಿ ಕೆಲವು ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರಾ ಡೆಲ್ ಫ್ಯೂಗೊದಲ್ಲಿ ಚಳಿಗಾಲ ಕಳೆದು, ಕೆನಡಾದ ಉತ್ತರ ಧ್ರುವಪ್ರದೇಶಕ್ಕೆ ಗೂಡು ಕಟ್ಟಲು ಹೋಗುತ್ತವೆ. ಒಂದು ಕಡೆಯ ದಾರಿಯೇ ಸುಮಾರು 15,000 ಕಿಲೋಮೀಟರ್. ದಕ್ಷಿಣ ಬ್ರೆಜಿಲಿನ ಕಡೆಯಿಂದ ಅಮೆರಿಕದ ಪೂರ್ವ ಕರಾವಳಿಗೆ ಆರು ದಿನ ಒಂದೇ ಸಮನೆ ಹಾರಿ 8,000 ಕಿಲೋಮೀಟರ್ ದಾಟಿದ ಹಕ್ಕಿಯ ದಾಖಲೆಯಿದೆ. ಅಂಥ ಹಾರಾಟಕ್ಕೆ ಮೊದಲು ಇವುಗಳ ಹೊಟ್ಟೆಯೊಳಗಿನ ಅಂಗಗಳು ಭಾರ ಕಡಿಮೆ ಮಾಡಲು ಕುಗ್ಗುತ್ತವೆ. ಬಂದಿಳಿದ ಹಕ್ಕಿಗೆ ಗಟ್ಟಿ ಚಿಪ್ಪಿನ ಮರುವಾಯಿ ಅರಗಿಸುವ ಶಕ್ತಿಯಿರುವುದಿಲ್ಲ. ಮೆತ್ತನೆಯ, ಕೊಬ್ಬು ತುಂಬಿದ ಏಡಿಮೊಟ್ಟೆಯೇ ಬೇಕು. 120 ಗ್ರಾಮಿನ ಆಸುಪಾಸಿನಲ್ಲಿ ಇಳಿದದ್ದು ಎರಡು ವಾರದಲ್ಲಿ 180 ಗ್ರಾಂ ದಾಟಬೇಕು. ದಾಟದೆ ಹೊರಟದ್ದು ಬದುಕುವ ಸಾಧ್ಯತೆ ಕಡಿಮೆ. ಧ್ರುವಪ್ರದೇಶ ತಲುಪಿದಾಗ ಅಲ್ಲಿನ್ನೂ ಹಿಮ ಇರುತ್ತದೆ, ತಿನ್ನಲು ಹುಳುವಿಲ್ಲ. ಮೊದಲ ದಿನಗಳನ್ನು ಈ ಕೊಲ್ಲಿಯಲ್ಲಿ ಉಂಡದ್ದರಲ್ಲೇ ಕಳೆಯಬೇಕು.

1980ರ ದಶಕದಲ್ಲಿ ಈ ಕೊಲ್ಲಿಯಲ್ಲಿ 90,000ಕ್ಕೂ ಹೆಚ್ಚು ರೆಡ್ ನಾಟ್ ಎಣಿಸಿದ್ದರು. 2021ರಲ್ಲಿ ಸಿಕ್ಕದ್ದು 7,000ಕ್ಕೂ ಕಡಿಮೆ. ನಡುವೆ ಆದದ್ದೇನೆಂದರೆ, 1990ರ ದಶಕದಲ್ಲಿ ಶಂಖದ ಹುಳು, ಹಾವುಮೀನು ಹಿಡಿಯುವ ಬಲೆಗಳಿಗೆ ಆಮಿಷವಾಗಿ ಈ ಏಡಿಗಳನ್ನು ಲಾರಿಗಟ್ಟಲೆ ಎತ್ತಿದರು. ಏಡಿ ಬಲಿಯಲು ಒಂಬತ್ತು ಹತ್ತು ವರ್ಷ ಬೇಕು, ಹೋದದ್ದು ಬೇಗ ತುಂಬುವುದಿಲ್ಲ. ನ್ಯೂಜೆರ್ಸಿ 2008ರಲ್ಲಿ ಆಮಿಷಕ್ಕಾಗಿ ಏಡಿ ಹಿಡಿಯುವುದನ್ನೇ ನಿಲ್ಲಿಸಿತು. ನನ್ನ ಪ್ರಕಾರ ಈ ರಾಜ್ಯ ಹಕ್ಕಿಗಳಿಗಾಗಿ ಮಾಡಿದ ಅತ್ಯುತ್ತಮ ಕೆಲಸ ಅದು. ರೆಡ್ ನಾಟಿನ ಈ ಬಳಗವನ್ನು ಅಮೆರಿಕದ ಕೇಂದ್ರ ಸರ್ಕಾರ ಅಪಾಯದಲ್ಲಿರುವ ಜೀವಿಗಳ ಕಾನೂನಿನ ಕೆಳಗೆ ತಂದದ್ದು 2014ರ ಡಿಸೆಂಬರಿನಲ್ಲಿ. ಏಡಿಯ ನೀಲಿ ರಕ್ತದಿಂದ ಲಸಿಕೆ, ಇಂಜೆಕ್ಷನ್‌ಗಳಲ್ಲಿ ವಿಷಾಂಶವಿದೆಯೇ ಎಂದು ಪರೀಕ್ಷಿಸುತ್ತಾರೆ. ಅದಕ್ಕಾಗಿ ಹಿಡಿಯುವುದು ಇನ್ನೂ ಇದೆ. ಆ ಪರೀಕ್ಷೆಗೆ ರಕ್ತವಿಲ್ಲದೆ ತಯಾರಿಸಿದ ಬದಲಿ ವಸ್ತುವೂ ಬಂದಿದೆ, ಔಷಧ ಕಂಪನಿಗಳು ಅದಕ್ಕೆ ಬೇಗ ತಿರುಗಬೇಕು.

ಈಗ ನಿನ್ನ ಲೆನ್ಸಿನ ಹತ್ತಿರ ಬರುತ್ತೇನೆ. ಮೇ 7ರಿಂದ ಜೂನ್ 7ರವರೆಗೆ ಈ ದಡಗಳಿಗೆ ಜನರು ಇಳಿಯುವಂತಿಲ್ಲ. ಹಗ್ಗ ಕಟ್ಟಿ ಫಲಕ ಹಾಕಿರುತ್ತಾರೆ. ನೋಡಲು ಗೊತ್ತಾದ ಜಾಗಗಳಿವೆ, ಅಲ್ಲಿ ಸ್ವಯಂಸೇವಕರು ನಿಂತಿರುತ್ತಾರೆ. ಹಗ್ಗದ ಈಚೆ ನಿಂತರೆ ಚಿತ್ರ ಚೆನ್ನಾಗಿ ಬರುವುದಿಲ್ಲ, ಇನ್ನು ಹತ್ತು ಹೆಜ್ಜೆ ಮುಂದೆ ಹೋದರೆ ಬರುತ್ತದೆ ಎಂದು ಮನಸ್ಸಿಗೆ ಬರುತ್ತದೆ. ಆ ಹತ್ತು ಹೆಜ್ಜೆ ಹಾಕಿದಾಗ ಏನಾಗುತ್ತದೆ ಗೊತ್ತೇ? ಹಿಂಡು ಪೂರ್ತಿ ಏಳುತ್ತದೆ, ಕೊಲ್ಲಿಯ ಮೇಲೆ ಒಂದು ಸುತ್ತು ಹಾರಿ ಬೇರೆಲ್ಲೋ ಇಳಿಯುತ್ತದೆ. ಅವು ತೆರವು ಮಾಡಿದ ಜಾಗಕ್ಕೆ ಕಡಲಕ್ಕಿಗಳು ನುಗ್ಗುತ್ತವೆ. ಕಡಲಕ್ಕಿ ದೊಡ್ಡದು, ಮನುಷ್ಯರಿಗೆ ಹೊಂದಿಕೊಂಡದ್ದು, ಮೊದಲು ಮರಳಿ ಬರುವುದೂ ಅದೇ. ಒಮ್ಮೆ ಅದು ಬಂದು ಕೂತಮೇಲೆ ರೆಡ್ ನಾಟಿಗೆ ಆ ಜಾಗ ಸಿಗುವುದಿಲ್ಲ. ಎದ್ದು ಹಾರಿದ ಖರ್ಚು ಒಂದು, ಕಳೆದುಕೊಂಡ ಊಟ ಇನ್ನೊಂದು. ದಿನಕ್ಕೆ ಹತ್ತು ಜನ ಹೀಗೆ ಮಾಡಿದರೆ ಎರಡು ವಾರದಲ್ಲಿ ಅದು ಎಷ್ಟಾಗುತ್ತದೆ ಎಂದು ನೀನೇ ಲೆಕ್ಕ ಹಾಕು.

ಆದ್ದರಿಂದ ಹಗ್ಗದ ಈಚೆಯೇ ನಿಲ್ಲಿ. ಸ್ವಯಂಸೇವಕರ ಬಳಿ ಸ್ಪಾಟಿಂಗ್ ಸ್ಕೋಪ್ ಇದ್ದರೆ, ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ. ಅದರಲ್ಲಿ ಒಂದು ಹಕ್ಕಿಯ ಕಾಲನ್ನು ಹುಡುಕು. ಕೆಲವಕ್ಕೆ ಬಣ್ಣದ ಪುಟ್ಟ ಪಟ್ಟಿ ಕಟ್ಟಿರುತ್ತಾರೆ: ಕಿತ್ತಳೆಯಾದರೆ ಅರ್ಜೆಂಟೀನಾದಲ್ಲಿ ಕಟ್ಟಿದ್ದು, ಕೆಂಪಾದರೆ ಚಿಲಿ, ನೀಲಿಯಾದರೆ ಬ್ರೆಜಿಲ್, ತಿಳಿಹಸಿರಾದರೆ ಇಲ್ಲಿಯೇ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಲು ಸಿಕ್ಕರೆ ಬರೆದುಕೊಂಡು ಸ್ವಯಂಸೇವಕರಿಗೆ ಹೇಳು. ನಿನ್ನ ಲೆನ್ಸು ಇದಕ್ಕೆ ನಿಜಕ್ಕೂ ಪ್ರಯೋಜನಕ್ಕೆ ಬರುತ್ತದೆ. 1995ರಲ್ಲಿ ಟಿಯೆರಾ ಡೆಲ್ ಫ್ಯೂಗೊದಲ್ಲಿ ಪಟ್ಟಿ ಕಟ್ಟಿಸಿಕೊಂಡ ಬಿ95 ಎಂಬ ಹಕ್ಕಿ 2014ರ ವಸಂತದಲ್ಲೂ ಈ ಕೊಲ್ಲಿಯಲ್ಲಿ ಕಾಣಿಸಿತ್ತು. ಅಷ್ಟು ಕಾಲದಲ್ಲಿ ಅದು ಹಾರಿದ ದೂರ ಭೂಮಿಯಿಂದ ಚಂದ್ರನಿಗೆ ಹೋಗಿ ಅರ್ಧ ದಾರಿ ಮರಳಿದಷ್ಟು ಎಂದು ಲೆಕ್ಕಹಾಕಿ ಅದಕ್ಕೆ ‘ಮೂನ್‌ಬರ್ಡ್’ ಎಂದು ಹೆಸರಿಟ್ಟರು. ಅಷ್ಟು ವರ್ಷ ಅದು ಬದುಕಿದ್ದು ಈ ದಡದಲ್ಲಿ ಹೊಟ್ಟೆ ತುಂಬಿದ್ದರಿಂದ.

ಎಷ್ಟು ಬಗೆ ಕಂಡೆ ಎಂಬ ಪಟ್ಟಿ ಬರೆಯಬೇಡ ಎಂದು ನಾನು ಹೇಳುವುದಿಲ್ಲ. ಪಟ್ಟಿಯಿಂದ ಕಣ್ಣು ಹರಿತವಾಗುತ್ತದೆ, ಇ-ಬರ್ಡ್ ಎಂಬ ಜಾಲತಾಣಕ್ಕೆ ಹಾಕಿದರೆ ವಿಜ್ಞಾನಿಗಳಿಗೂ ಉಪಯೋಗ. ಮೇ ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿ ನಡುರಾತ್ರಿಯಿಂದ ನಡುರಾತ್ರಿಯವರೆಗೆ ಹಕ್ಕಿ ಎಣಿಸುವ ಪಂದ್ಯವೇ ನಡೆಯುತ್ತದೆ, ‘ವರ್ಲ್ಡ್ ಸೀರೀಸ್ ಆಫ್ ಬರ್ಡಿಂಗ್’. 1984ರ ಮೊದಲ ಪಂದ್ಯ ಗೆದ್ದ ತಂಡದಲ್ಲಿ ಹಕ್ಕಿ ಗುರುತಿಸುವ ಕೈಪಿಡಿಗಳಿಗೆ ಹೆಸರಾದ ರೋಜರ್ ಟೋರಿ ಪೀಟರ್ಸನ್ ಇದ್ದರು, ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. ಒಂದೇ ದಿನದಲ್ಲಿ 201 ಬಗೆ. ಪಳಗಿದವರು ಬಹಳಷ್ಟನ್ನು ಕಿವಿಯಿಂದಲೇ ಗುರುತಿಸುತ್ತಾರೆ, ಹಕ್ಕಿಯ ಬಳಿಗೆ ಹೋಗುವುದೇ ಇಲ್ಲ. ನಿನಗೆ ಮೊದಲ ದಿನ ಐವತ್ತು ಬಗೆ ಸಿಕ್ಕರೂ ಬಹಳವಾಯಿತು. ಕೇಪ್ ಮೇ ಹೆಸರಿನದೇ ಒಂದು ಉಲಿಯಕ್ಕಿಯಿದೆ; ಅಲೆಕ್ಸಾಂಡರ್ ವಿಲ್ಸನ್ ಎಂಬ ಪಕ್ಷಿಶಾಸ್ತ್ರಜ್ಞ 1811ರಲ್ಲಿ, ಗೆಳೆಯನೊಬ್ಬ ಅಲ್ಲಿ ಹೊಡೆದು ತಂದ ಹಕ್ಕಿಯನ್ನು ನೋಡಿ ಹಾಗೆ ಹೆಸರಿಟ್ಟ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಕೇಪ್ ಮೇಯಲ್ಲಿ ಅದನ್ನು ಕಂಡವರಿಲ್ಲ. ಅದರ ತವರು ಕೆನಡಾದ ಸ್ಪ್ರೂಸ್ ಕಾಡು. ಸಿಗಲಿಲ್ಲವೆಂದು ಬೇಸರಪಡಬೇಡ, ಸಿಗದಿರುವುದೇ ಹೆಚ್ಚು.

ಮನೆಗೆ ಬಂದಮೇಲೂ ಒಂದು ಕೆಲಸವಿದೆ. ನಿನ್ನ ಅಪಾರ್ಟ್‌ಮೆಂಟು ಎತ್ತರದ್ದು, ಗೋಡೆಯಗಲದ ಗಾಜು. ರಾತ್ರಿ ಹಾರುವ ಹಕ್ಕಿಗಳನ್ನು ದೀಪ ಸೆಳೆಯುತ್ತದೆ, ಬೆಳಗ್ಗೆ ಗಾಜಿನಲ್ಲಿ ಮರದ ಬಿಂಬ ಕಂಡು ಬಂದು ಬಡಿದುಕೊಳ್ಳುತ್ತವೆ. ಅಮೆರಿಕದಲ್ಲಿ ಗಾಜಿಗೆ ಬಡಿದು ಸಾಯುವ ಹಕ್ಕಿಗಳು ವರ್ಷಕ್ಕೆ 36 ಕೋಟಿಯಿಂದ 99 ಕೋಟಿಯವರೆಗೆ ಎಂದು 2014ರಲ್ಲಿ ಅಂದಾಜು ಮಾಡಿದ್ದಾರೆ. 2023ರ ಅಕ್ಟೋಬರಿನಲ್ಲಿ ಶಿಕಾಗೋದ ಒಂದೇ ಕಟ್ಟಡದ ಬುಡದಲ್ಲಿ ಒಂದೇ ರಾತ್ರಿಗೆ ಸುಮಾರು ಸಾವಿರ ಹಕ್ಕಿಗಳು ಸತ್ತು ಬಿದ್ದಿದ್ದವು, ಅವುಗಳಲ್ಲಿ ಹೆಚ್ಚಿನವು ಉಲಿಯಕ್ಕಿಗಳು. ಮರುವರ್ಷ ಅದೇ ಗಾಜಿಗೆ ಸಾಲಾಗಿ ಚುಕ್ಕಿ ಅಂಟಿಸಿದರು, ಸಾವು ಬಹುಪಾಲು ತಪ್ಪಿತು. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಬೇಡದ ದೀಪ ಆರಿಸಿ ಪರದೆ ಎಳೆದುಬಿಡು. ನಿಮ್ಮ ಕಟ್ಟಡದ ಆಡಳಿತದವರಿಗೂ ಒಂದು ಮಾತು ಹಾಕು. ಹಗಲು ದೀಪ ಉರಿಸಿದರೆ ಬೈಯುವ ನಿನ್ನಜ್ಜಿಯ ಮನೆಯಲ್ಲಿ ಬೆಳೆದವಳಿಗೆ ಇದು ಕಷ್ಟವಲ್ಲ.

ಇನ್ನೊಂದು. ಉಬ್ಬರದಲ್ಲಿ ದಡಕ್ಕೆ ಬಂದ ಲಾಳದೇಡಿಗಳನ್ನು ಅಲೆ ಅಂಗಾತ ಕೆಡವುತ್ತದೆ. ಮತ್ತೆ ಮಗುಚಿಕೊಳ್ಳಲಾಗದೆ, ಬೆಳಗಿನ ಬಿಸಿಲಿಗೆ ಒಣಗಿ ಸಾವಿರಾರು ಸಾಯುತ್ತವೆ. ಅವನ್ನು ಎತ್ತಿ ನೆಟ್ಟಗೆ ಮಾಡಿ ನೀರಿನ ಕಡೆ ಬಿಡುವ ‘ರಿಟರ್ನ್ ದ ಫೇವರ್’ ಎಂಬ ಸ್ವಯಂಸೇವಕರ ಬಳಗ ನ್ಯೂಜೆರ್ಸಿಯಲ್ಲಿದೆ. ಮುಚ್ಚಿದ ದಡಗಳಿಗೂ ಕತ್ತಲಾದ ಮೇಲೆ, ಹಕ್ಕಿಗಳು ಇಲ್ಲದ ಹೊತ್ತಿನಲ್ಲಿ, ಅನುಮತಿಯ ಮೇಲೆ ಅವರು ಹೋಗುತ್ತಾರೆ. ಏಡಿ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಬಾಲ ಹಿಡಿದು ಎತ್ತಬಾರದು, ಬಾಲ ಮುರಿದರೆ ಅದು ಮುಂದೆ ತಾನಾಗಿ ಮಗುಚಿಕೊಳ್ಳಲಾರದು. ಚಿಪ್ಪಿನ ಎರಡು ಅಂಚು ಹಿಡಿದು ತಿರುಗಿಸಬೇಕು. ಜೂನ್ ತಿಂಗಳಲ್ಲೂ ಏಡಿಗಳು ಬರುತ್ತಿರುತ್ತವೆ. ನೀನೂ ಗೆಳತಿಯರೂ ಈ ವರ್ಷವೇ ಹೆಸರು ಬರೆಸಿ, ಒಂದು ರಾತ್ರಿ ಅವರ ಜೊತೆ ಹೋಗಿ ಬನ್ನಿ. ಬೇಡವೆನ್ನದಿದ್ದರೆ ನಾನೂ ಬರುತ್ತೇನೆ.